ನಮಗ್ಯಾಕೆ ಊರ ಉಸಾಬರಿ?

ನಮ್ಮ ಮನೆಯಿಂದ ಯಾರೇ ಗಾಡಿ ತೆಗೆದುಕೊಂಡು ಹೊರಟರೂ ನಾನು ಬಾಗಿಲಲ್ಲಿ ನಿಂತು ಮೂರು ಮಾತು ಹೇಳುತ್ತಿದ್ದೆ. ನಿಧಾನವಾಗಿ ಹೋಗಿ. ತಲುಪಿದ ಕೂಡಲೇ ಫೋನ್ ಮಾಡಿ. ದಾರಿಯಲ್ಲಿ ಏನಾದರೂ ಆಗಿದ್ದರೆ ನಿಲ್ಲಿಸಬೇಡಿ, ಸೀದಾ ಹೋಗಿ.

ಮೊದಲ ಎರಡು ಮಾತು ಎಲ್ಲ ಮನೆಗಳಲ್ಲೂ ಹೇಳುವಂಥವೇ. ಮೂರನೆಯದನ್ನು ನೀವೂ ಹೇಳಿರುತ್ತೀರಿ. ಬಾಯಿಬಿಟ್ಟು ಹೇಳದಿದ್ದರೆ ಮನಸ್ಸಿನಲ್ಲಾದರೂ ಅಂದುಕೊಂಡಿರುತ್ತೀರಿ. ಆ ಮೂರನೆಯ ಮಾತಿನ ಮೇಲೆ ಜಗಳ ತೆಗೆಯಬೇಕೆಂದೇ ಇವತ್ತು ಬರೆಯಲು ಕೂತಿದ್ದೇನೆ. ಜಗಳ ಮೊದಲು ನನ್ನ ಮೇಲೆ, ಆಮೇಲೆ ಆಸ್ಪತ್ರೆಯವರ ಮೇಲೆ, ಪೊಲೀಸರ ಮೇಲೆ. ಕೊನೆಗೆ, ಬೇಸರ ಮಾಡಿಕೊಳ್ಳಬೇಡಿ, ನಿಮ್ಮ ಮೇಲೂ.

ಆ ಮಾತು ನನ್ನ ಬಾಯಿಗೆ ಸುಮ್ಮನೆ ಬಂದದ್ದಲ್ಲ. ನಮ್ಮದು ಬಿ.ಎಚ್. ರಸ್ತೆಯ ಮೇಲಿನ ಒಂದು ತಾಲ್ಲೂಕು ಊರು. ಬೆಂಗಳೂರಿನಿಂದ ಹೊನ್ನಾವರಕ್ಕೆ ಹೋಗುವ ಆ ರಸ್ತೆಯಲ್ಲಿ ಲಾರಿಗಳಿಗೆ ಹಗಲೂ ಇಲ್ಲ, ರಾತ್ರಿಯೂ ಇಲ್ಲ. ನಮ್ಮವರು ಹತ್ತು ಮೈಲಿ ಆಚೆಯ ಹಳ್ಳಿಯ ಹೈಸ್ಕೂಲಿನಲ್ಲಿ ಮೇಷ್ಟ್ರು. 1993ರ ಡಿಸೆಂಬರಿನ ಒಂದು ಸಂಜೆ ಸ್ಕೂಟರಿನಲ್ಲಿ ವಾಪಸು ಬರುವಾಗ, ಯಾವುದೋ ಲಾರಿ ಹೊಡೆದು ಹೋಗಿ, ಸೈಕಲ್ ಸವಾರನೊಬ್ಬ ರಸ್ತೆ ಪಕ್ಕ ಬಿದ್ದಿದ್ದ. ಇವರು ಒಂದು ಟೆಂಪೋ ನಿಲ್ಲಿಸಿ, ಅವನನ್ನು ಮಲಗಿಸಿಕೊಂಡು ಊರಿನ ನರ್ಸಿಂಗ್ ಹೋಮಿಗೆ ತಂದರು. ಅಲ್ಲಿನ ಡಾಕ್ಟರು ಮೆಟ್ಟಿಲ ಮೇಲೆ ನಿಂತೇ, “ಇದು ಪೊಲೀಸ್ ಕೇಸು ಮೇಷ್ಟ್ರೇ, ನಾನು ಮುಟ್ಟೋ ಹಾಗಿಲ್ಲ, ಸರ್ಕಾರಿ ಆಸ್ಪತ್ರೆಗೆ ಕರ್ಕೊಂಡು ಹೋಗಿ” ಎಂದರು. ಸರ್ಕಾರಿ ಆಸ್ಪತ್ರೆಯಲ್ಲಿ ಜಿಲ್ಲಾಸ್ಪತ್ರೆಗೆ ಬರೆದುಕೊಟ್ಟರು. ಆ ಮನುಷ್ಯ ಒಂದು ಕಾಲು ಕಳೆದುಕೊಂಡ, ಜೀವ ಉಳಿಯಿತು.

ಮರುದಿನ ಬೆಳಿಗ್ಗೆ ದಫೇದಾರರು ನಮ್ಮ ಬಾಗಿಲಿಗೆ ಬಂದರು. ನಾನು ರಂಗೋಲಿ ಬಿಡುತ್ತಿದ್ದೆ. ಎದುರು ಮನೆ, ಪಕ್ಕದ ಮನೆ, ಎಲ್ಲ ಕಿಟಕಿಗಳೂ ತೆರೆದವು. “ಮೇಷ್ಟ್ರೇ, ಹೊಡೆದಿದ್ದು ನಿಮ್ಮ ಸ್ಕೂಟರೇ ಅಲ್ವಾ?” ಎಂದು ಕೇಳಿದರು. ಸ್ಕೂಟರು ಹನ್ನೊಂದು ದಿನ ಠಾಣೆಯ ಬೇವಿನ ಮರದ ಕೆಳಗೆ ನಿಂತಿತು. ಆಮೇಲೆ ಸಾಕ್ಷಿಯ ಸಮನ್ಸು ಬಂತು. ನಾಲ್ಕು ವರ್ಷ ಅವರು ಕೋರ್ಟಿಗೆ ಅಲೆದರು. ಒಂದು ಸಲ ಜಡ್ಜು ರಜ, ಒಂದು ಸಲ ವಕೀಲರು ಬಂದಿಲ್ಲ, ಒಂದು ಸಲ ಬರಿಯ ಮುಂದಿನ ತಾರೀಖು. ಸಿ.ಎಲ್. ಎಲ್ಲ ಕೋರ್ಟಿಗೇ ಸವೆದು, ಮಗುವಿಗೆ ಜ್ವರ ಬಂದ ದಿನ ರಜವಿಲ್ಲದೆ ಶಾಲೆಗೆ ಹೋದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಎನ್ನುತ್ತಾರಲ್ಲ, ಸಾಕ್ಷಿ ಹೇಳಲು ಹೋದವನ ಪಾಡನ್ನು ಯಾವ ಗಾದೆಯೂ ಹೇಳಲಿಲ್ಲ.

“ಬೀದೀಲಿ ಹೋಗೋ ಮಾರೀನ ಮನೆಗೆ ಕರ್ಕೊಂಡು ಬಂದ್ಯಲ್ಲೋ” ಎಂದು ನಮ್ಮತ್ತೆ ಅಂದರು. ನಾನು ಆ ಮಾತನ್ನೇ ನನ್ನ ಭಾಷೆಯಲ್ಲಿ ಮೂವತ್ತು ವರ್ಷ ಮುಂದುವರಿಸಿದೆ, ಅಷ್ಟೆ.

ಈಗ ತಿಳಿದು ಹೊಟ್ಟೆ ಉರಿಯುವ ಸಂಗತಿ ಏನು ಗೊತ್ತೆ? ಆ ಡಾಕ್ಟರು ಮೆಟ್ಟಿಲ ಮೇಲೆ ನಿಂತು “ಮುಟ್ಟೋ ಹಾಗಿಲ್ಲ” ಎಂದಾಗ, ಮುಟ್ಟಲೇಬೇಕೆಂದು ಸುಪ್ರೀಂ ಕೋರ್ಟು ಹೇಳಿ ನಾಲ್ಕು ವರ್ಷವಾಗಿತ್ತು. ಪರಮಾನಂದ ಕಟಾರ ಎಂಬುವರು ಹೂಡಿದ ಮೊಕದ್ದಮೆ ಅದು. ಕಾರು ಹೊಡೆದ ಸ್ಕೂಟರ್ ಸವಾರನೊಬ್ಬನನ್ನು ಹತ್ತಿರದ ಆಸ್ಪತ್ರೆಯವರು ಸೇರಿಸಿಕೊಳ್ಳದೆ, ಇಂಥ ಕೇಸುಗಳನ್ನು ನೋಡುವ ಆಸ್ಪತ್ರೆ 20 ಕಿಲೋಮೀಟರ್ ಆಚೆ ಇದೆಯೆಂದು ಕಳಿಸಿದರು. ದಾರಿಯಲ್ಲೇ ಅವನು ಸತ್ತ. ಆ ಪ್ರಕರಣ ಮುಂದಿಟ್ಟುಕೊಂಡು 1989ರ ಆಗಸ್ಟಿನಲ್ಲಿ ಬಂದ ತೀರ್ಪು ಹೀಗಿತ್ತು: ಸರ್ಕಾರಿ ಡಾಕ್ಟರಾಗಲಿ, ಖಾಸಗಿ ಡಾಕ್ಟರಾಗಲಿ, ಮೊದಲು ಜೀವ ಉಳಿಸಬೇಕು. ಪೊಲೀಸು, ಕಾಗದ-ಪತ್ರ ಎಲ್ಲ ಆಮೇಲೆ. ಆ ತೀರ್ಪು ದೆಹಲಿಯಿಂದ ನಮ್ಮೂರಿನ ನರ್ಸಿಂಗ್ ಹೋಮಿನ ಮೆಟ್ಟಿಲವರೆಗೆ ಬಂದಿರಲೇ ಇಲ್ಲ.

ಇನ್ನು ನನ್ನ ಸರದಿ. ಇದನ್ನು ಇದುವರೆಗೆ ಮನೆಯವರ ಹತ್ತಿರವೂ ಸರಿಯಾಗಿ ಮಾತಾಡಿಲ್ಲ.

2017ರ ಫೆಬ್ರುವರಿಯಲ್ಲಿ ಕೊಪ್ಪಳದಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಸೈಕಲ್ಲಿನಲ್ಲಿ ಹೋಗುತ್ತಿದ್ದ 18 ವರ್ಷದ ಹುಡುಗ ಬಸ್ಸಿಗೆ ಸಿಕ್ಕಿ, ರಕ್ತದ ಮಡುವಿನಲ್ಲಿ ಸಹಾಯಕ್ಕಾಗಿ ಬೇಡುತ್ತಾ ಬಿದ್ದಿದ್ದ. ಸುತ್ತ ನಿಂತವರು ಮೊಬೈಲಿನಲ್ಲಿ ಚಿತ್ರ ತೆಗೆದರು. ಹುಡುಗ ಉಳಿಯಲಿಲ್ಲ. ನಮ್ಮ ಮಹಿಳಾ ಸಮಾಜದಲ್ಲಿ ಆ ವಾರವೆಲ್ಲ ಅದೇ ಮಾತು. “ಮನುಷ್ಯರೇನ್ರೀ ಅವರು?” ಎಂದು ಎಲ್ಲರಿಗಿಂತ ಜೋರಾಗಿ ಕೇಳಿದವಳು ನಾನು.

ಎರಡು ತಿಂಗಳಾದ ಮೇಲೆ ಒಂದು ಮದುವೆ ಮುಗಿಸಿಕೊಂಡು ರಾತ್ರಿ ಕಾರಿನಲ್ಲಿ ಬರುತ್ತಿದ್ದೆವು. ಮೋರಿ ಹತ್ತಿರ ಒಂದು ಮೊಪೆಡ್ಡು ಅಡ್ಡ ಬಿದ್ದಿತ್ತು. ಪಕ್ಕದಲ್ಲಿ ಒಬ್ಬರು, ಬಿಳಿ ಪಂಚೆ ಮಾತ್ರ ಕಾಣಿಸಿತು. ಡ್ರೈವರ್ ಹುಡುಗ ತಾನಾಗಿಯೇ ನಿಧಾನ ಮಾಡಿದ. “ನಿಲ್ಲಿಸಲಾ ಅಮ್ಮಾ?” ಅಂದ. ನಮ್ಮವರು ಹಿಂದೆ ನಿದ್ದೆ ಹೋಗಿದ್ದರು. ನಾನು, “ಬೇಡಪ್ಪ, ಹೋಗು, ನಮಗ್ಯಾಕೆ ಊರ ಉಸಾಬರಿ, 108ಕ್ಕೆ ಫೋನ್ ಮಾಡೋಣ” ಎಂದೆ. ಫೋನ್ ಮಾಡಿದ್ದು ನಿಜ. ಆದರೆ ಜಾಗ ಯಾವುದೆಂದು ಕೇಳಿದಾಗ ಸರಿಯಾಗಿ ಹೇಳಲಾಗಲಿಲ್ಲ, ಅಷ್ಟರಲ್ಲಿ ಬಹಳ ಮುಂದೆ ಬಂದಿದ್ದೆವು. ಮರುದಿನ, ಅದರ ಮರುದಿನ, ನಾನು ಬೇಕೆಂದೇ ಪೇಪರಿನ ಜಿಲ್ಲಾ ಪುಟ ತೆರೆಯಲಿಲ್ಲ. ಆ ಪಂಚೆಯವರು ಬದುಕಿದರೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ಕೊಪ್ಪಳದವರ ಕೈಯಲ್ಲಿ ಮೊಬೈಲಿತ್ತು, ನನ್ನ ಕೈಯಲ್ಲಿ ತಾಂಬೂಲದ ಚೀಲವಿತ್ತು. ಅದಕ್ಕಿಂತ ಹೆಚ್ಚಿನ ವ್ಯತ್ಯಾಸ ಏನಿದೆ ಹೇಳಿ?

ನನ್ನ ಪಾಲಿಗೆ ಒಂದು ನೆಪವಿತ್ತು, ಭಯ. ಆದರೆ ಆ ಭಯಕ್ಕೆ ಆಗಲೇ ಕಾನೂನು ಪರಿಹಾರ ಕೊಟ್ಟಿತ್ತು. ಅದನ್ನು ನನಗೆ ಹೇಳಿದವಳು ನನ್ನ ತಂಗಿಯ ಮಗಳು. ವಕೀಲಿ ಮಾಡುತ್ತಾಳೆ. 2022ರ ದೀಪಾವಳಿಗೆ ಬಂದಿದ್ದಾಗ, ಬಾಗಿಲಲ್ಲಿ ನಾನು ಮಗನಿಗೆ ಮೂರು ಮಾತು ಹೇಳುವುದನ್ನು ಕೇಳಿಸಿಕೊಂಡು, “ದೊಡ್ಡಮ್ಮ, ನೀವು ಯಾವ ಕಾಲದಲ್ಲಿದ್ದೀರಿ?” ಎಂದಳು. ಹಬ್ಬದ ಅಡಿಗೆ ಒಲೆಯ ಮೇಲಿರುವಾಗಲೇ ಕೂರಿಸಿಕೊಂಡು ಪಾಠ ಹೇಳಿದಳು. ಅವಳು ಹೇಳಿದ್ದನ್ನು ನನಗೆ ತಿಳಿದಷ್ಟು ನಿಮಗೂ ಹೇಳುತ್ತೇನೆ.

2007ರಲ್ಲಿ ದೆಹಲಿಯಲ್ಲಿ ಹದಿಹರೆಯದ ಹುಡುಗನೊಬ್ಬ ಅಪಘಾತವಾಗಿ ರಸ್ತೆಯಲ್ಲಿ ಬಿದ್ದಿದ್ದಾಗ ಹೋಗುವ ಬರುವವರು ಯಾರೂ ಎತ್ತಲಿಲ್ಲ, ಹುಡುಗ ಹೋಗಿಬಿಟ್ಟ. ಅವನ ಬಂಧು ಪೀಯೂಷ್ ತಿವಾರಿ ಎಂಬುವರು ಸೇವ್‌ಲೈಫ್ ಫೌಂಡೇಷನ್ ಎಂಬ ಸಂಸ್ಥೆ ಕಟ್ಟಿದರು. ಆ ಸಂಸ್ಥೆ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. ಜನ ಕಟುಕರಾಗಿದ್ದಾರೆ ಎಂದು ಬೈದುಕೊಂಡು ಕೂರುವ ಬದಲು, ಜನ ಯಾಕೆ ಹೆದರುತ್ತಾರೆ ಎಂದು ಅವರು ಕೇಳಿದರು. 2015ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿ ಹೊರಡಿಸಿತು. 2016ರ ಮಾರ್ಚ್ 30ರಂದು ಸುಪ್ರೀಂ ಕೋರ್ಟು ಅದಕ್ಕೆ ಕಾನೂನಿನ ಬಲ ಕೊಟ್ಟಿತು. ನಾನು ಮೋರಿ ಹತ್ತಿರ ಕಾರು ಮುಂದಕ್ಕೆ ಓಡಿಸಿದ್ದು ಅದಾದ ಒಂದು ವರ್ಷಕ್ಕೆ.

ನಮ್ಮ ಕರ್ನಾಟಕವಂತೂ ಇಂಥ ಕಾಯಿದೆಯನ್ನು ತಾನೇ ಮಾಡಿದ ಮೊದಲ ರಾಜ್ಯ. ವಿಧಾನಮಂಡಲದಲ್ಲಿ 2016ರಲ್ಲಿ ಒಪ್ಪಿಗೆಯಾಗಿ, 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಆಮೇಲೆ 2019ರಲ್ಲಿ ಕೇಂದ್ರದ ಮೋಟಾರು ವಾಹನ ಕಾಯಿದೆಗೇ 134ಎ ಎಂಬ ಕಲಮು ಸೇರಿತು. 2020ರ ಸೆಪ್ಟೆಂಬರಿನಲ್ಲಿ ಅದರ ನಿಯಮಗಳು ಬಂದವು.

ಅವು ಏನು ಹೇಳುತ್ತವೆ? ಒಳ್ಳೆಯ ಮನಸ್ಸಿನಿಂದ ಗಾಯಾಳುವಿಗೆ ನೆರವಾದವರ ಮೇಲೆ, ಅವರ ಕೈಯಲ್ಲಿ ತಪ್ಪಾಗಿ ಗಾಯಾಳುವಿಗೆ ಇನ್ನಷ್ಟು ಪೆಟ್ಟಾದರೂ, ಜೀವವೇ ಹೋದರೂ, ಸಿವಿಲ್ ಕೇಸಿಲ್ಲ, ಕ್ರಿಮಿನಲ್ ಕೇಸಿಲ್ಲ. ನಿಮ್ಮ ಹೆಸರು, ವಿಳಾಸ, ಫೋನ್ ನಂಬರು ಕೊಡಲೇಬೇಕೆಂದು ಪೊಲೀಸರೂ ಒತ್ತಾಯಿಸುವಂತಿಲ್ಲ, ಬೇರೆ ಯಾರೂ ಒತ್ತಾಯಿಸುವಂತಿಲ್ಲ. ಸಾಕ್ಷಿಯಾಗುವುದು ನಿಮ್ಮ ಇಷ್ಟ. ಆಗುತ್ತೇನೆಂದರೆ, ನಿಮಗೆ ಅನುಕೂಲವಾದ ಹೊತ್ತಿನಲ್ಲಿ ನಿಮ್ಮ ಮನೆಗೋ ಅಂಗಡಿಗೋ ಅವರೇ ಬರಬೇಕು, ಅದೂ ಯೂನಿಫಾರಂ ಇಲ್ಲದೆ. ಹೇಳಿಕೆಯನ್ನು ಒಂದೇ ಸಲಕ್ಕೆ ಬರೆದುಕೊಳ್ಳಬೇಕು, ಮತ್ತೆ ಮತ್ತೆ ಅಲೆಸುವಂತಿಲ್ಲ. ಗಾಯಾಳುವನ್ನು ತಂದವರು ಮನೆಯವರೋ ನೆಂಟರೋ ಅಲ್ಲದಿದ್ದರೆ ಆಸ್ಪತ್ರೆಯವರು ಅವರ ಹತ್ತಿರ ದುಡ್ಡು ಕೇಳುವಂತಿಲ್ಲ, ಹಿಡಿದು ಕೂರಿಸಿಕೊಳ್ಳುವಂತಿಲ್ಲ. ನಮ್ಮ ರಾಜ್ಯದ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕೋರ್ಟಿಗೆ ಹೋಗಲೇಬೇಕಾಗಿ ಬಂದರೆ ಅದರ ಖರ್ಚಿಗೆ ಒಂದು ನಿಧಿಯನ್ನೂ ಹೇಳಿದೆ.

ಯೂನಿಫಾರಂ ಇಲ್ಲದೆ ಎಂದಳಲ್ಲ, ಅಲ್ಲಿಗೆ ನನ್ನ ಕಣ್ಣಲ್ಲಿ ನೀರು ಬಂತು. ಅರ್ಧ ಬಿಟ್ಟ ರಂಗೋಲಿ, ತೆರೆದ ಕಿಟಕಿಗಳು, ತಲೆ ತಗ್ಗಿಸಿ ನಿಂತ ನಮ್ಮವರು ನೆನಪಿಗೆ ಬಂದರು. ಈ ನಿಯಮ ಬರೆದವರಿಗೆ ನಮ್ಮಂಥ ಬೀದಿಗಳ ಕಿಟಕಿಗಳು ಗೊತ್ತಿವೆ ಅನ್ನಿಸಿತು.

ಹಾಗಾದರೆ ಎಲ್ಲ ಸರಿಹೋಯಿತೇ? ಕೇಳಿ.

2024ರ ಜುಲೈನಲ್ಲಿ ಬಸ್‌ಸ್ಟ್ಯಾಂಡಿನ ಸರ್ಕಲ್ಲಿನಲ್ಲಿ, ನನ್ನ ಕಣ್ಣೆದುರೇ, ಕಾಲೇಜು ಹುಡುಗಿಯೊಬ್ಬಳಿಗೆ ಬೈಕು ಹೊಡೆಯಿತು. ಹುಡುಗಿ ತಲೆ ಕಲ್ಲಿಗೆ ತಗುಲಿ ಬಿದ್ದಳು. ಎಂದಿನಂತೆ ಗುಂಪು ಸೇರಿತು, ಎಂದಿನಂತೆ ಯಾರೂ ಮುಟ್ಟಲಿಲ್ಲ. ಮೊದಲು ಹೋದವಳು ನಾನಲ್ಲ. ಮೂಲೆಯಲ್ಲಿ ಹೂ ಕಟ್ಟುತ್ತಾ ಕೂತಿದ್ದಾಕೆ ಬುಟ್ಟಿ ಬಿಟ್ಟು ಓಡಿ ಬಂದು, ಸೆರಗು ಹರಿದು ತಲೆಗೆ ಒತ್ತಿ ಹಿಡಿದರು. “ಅಕ್ಕಾ, ಆಟೋ ಕರೀರಿ” ಎಂದು ಅವರು ನನ್ನನ್ನು ನೋಡಿ ಕೂಗಿದ ಮೇಲೆಯೇ ನನ್ನ ಕಾಲು ಮುಂದಕ್ಕೆ ಬಂದದ್ದು.

ಆಸ್ಪತ್ರೆಯ ಹೆಸರು ಬೇಡ. ಒಳಗೆ ಕರೆದುಕೊಂಡರು, ಅಷ್ಟು ಮಟ್ಟಿಗೆ 1993ಕ್ಕಿಂತ ವಾಸಿ. ಆದರೆ ಕೌಂಟರಿನ ಹುಡುಗ, “ಯಾರು ಸೇರಿಸ್ತಿರೋದು? ಸೈನ್ ಮಾಡಿ, ಅಡ್ವಾನ್ಸ್ ಕಟ್ಟಿ” ಎಂದ. ನಾವು ಅವಳ ಕಡೆಯವರಲ್ಲ, ದಾರಿಯಲ್ಲಿ ಬಿದ್ದಿದ್ದವಳನ್ನು ತಂದಿದ್ದೇವೆ, ನಮ್ಮ ಹತ್ತಿರ ದುಡ್ಡು ಕೇಳುವ ಹಾಗಿಲ್ಲ ಎಂದೆ. “ಅಂಥ ಕಾನೂನೆಲ್ಲ ನಮಗೆ ಗೊತ್ತಿಲ್ಲ ಮೇಡಂ” ಎಂದ. ಅವನ ಮುಖ ನೋಡಿದರೆ ನಿಜವಾಗಿಯೂ ಗೊತ್ತಿರಲಿಲ್ಲ. ಅಷ್ಟರಲ್ಲಿ ಪೊಲೀಸರು ಬಂದು ಹೂವಿನಾಕೆಯ ಹೆಸರು, ನಂಬರು ಕೇಳಿದರು. ಅದುವರೆಗೆ ಹುಲಿಯ ಹಾಗಿದ್ದ ಆಕೆ ನಡುಗಿಬಿಟ್ಟರು. “ನಾನೇನೂ ಮಾಡ್ಲಿಲ್ಲ ಸ್ವಾಮಿ, ಬರೀ ಎತ್ಕೊಂಡು ಬಂದೆ” ಎಂದು ಕೈ ಮುಗಿದರು. ಯೋಚನೆ ಮಾಡಿ. ಒಂದು ಜೀವ ಉಳಿಸಿದ ಹೆಂಗಸು, ತಾನೇನೂ ತಪ್ಪು ಮಾಡಿಲ್ಲವೆಂದು ಕೈ ಮುಗಿಯಬೇಕಾಗಿ ಬಂತು.

ನಾನು ಪೊಲೀಸಿನವರಿಗೆ, ಹೆಸರು ಹೇಳುವುದು ಬಿಡುವುದು ಆಕೆಯ ಇಷ್ಟ, ನಿಯಮ ಹಾಗಿದೆ ಎಂದೆ. ಅವರು ಒಂದು ಗಳಿಗೆ ನನ್ನನ್ನು ನೋಡಿ, ಸರಿ ಹೋಗಿ ಎಂದರು. ಜಗಳವೇನೂ ಆಗಲಿಲ್ಲ. ಹೇಳುವವರೊಬ್ಬರು ಬೇಕಿತ್ತು, ಅಷ್ಟೆ. ಹುಡುಗಿಯ ತಂದೆ ತಾಯಿ ಬಂದರು, ಅವಳು ಉಳಿದಳು. ಹೂವಿನಾಕೆ ಆ ದಿನದ ವ್ಯಾಪಾರ ಕಳೆದುಕೊಂಡು, ಅರ್ಧ ಸೀರೆಯಲ್ಲಿ ಮನೆಗೆ ಹೋದರು.

ಹೊರಗೆ ಬಂದು ನಾನು ಆಸ್ಪತ್ರೆಯ ಗೋಡೆ ನೋಡಿದೆ. 2020ರ ನಿಯಮದ ಪ್ರಕಾರ ಸರ್ಕಾರಿ ಆಗಲಿ, ಖಾಸಗಿ ಆಗಲಿ, ಪ್ರತಿಯೊಂದು ಆಸ್ಪತ್ರೆಯೂ ನೆರವಾದವರ ಹಕ್ಕುಗಳನ್ನು ಬರೆದು ಬಾಗಿಲಲ್ಲಿ ಅಥವಾ ಎಲ್ಲರಿಗೂ ಕಾಣುವ ಜಾಗದಲ್ಲಿ ಹಾಕಬೇಕು. ಇಂಗ್ಲಿಷ್, ಹಿಂದಿಯ ಜೊತೆಗೆ ಆಯಾ ಸೀಮೆಯ ಭಾಷೆಯಲ್ಲೂ ಹಾಕಬೇಕು, ಅಂದರೆ ನಮ್ಮಲ್ಲಿ ಕನ್ನಡದಲ್ಲಿ. ಆ ಗೋಡೆಯ ಮೇಲೆ ಏನಿತ್ತು? ಪಾದರಕ್ಷೆಗಳನ್ನು ಹೊರಗೆ ಬಿಡಿ. ಉಗುಳಬೇಡಿ. ಹಣವನ್ನು ಮುಂಗಡವಾಗಿ ಪಾವತಿಸಿ. ಬಣ್ಣದ ದೀಪದಲ್ಲಿ ಹೊಸ ಸ್ಕ್ಯಾನಿಂಗ್ ಯಂತ್ರದ ಜಾಹೀರಾತು. ಇಷ್ಟೆಲ್ಲಕ್ಕೂ ಜಾಗವಿದ್ದ ಗೋಡೆಯಲ್ಲಿ ನಾಲ್ಕು ಸಾಲಿನ ಹಕ್ಕಿಗೆ ಜಾಗವಿರಲಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ಯಾರಿಗೂ ಹೇಳದ ಕಾನೂನು ಬೀರುವಿನಲ್ಲಿಟ್ಟ ಔಷಧಿಯ ಹಾಗೆ. ಸೇವ್‌ಲೈಫ್ ಸಂಸ್ಥೆಯೇ 2018ರಲ್ಲಿ ವಿಚಾರಿಸಿದಾಗ, ಕೇಳಿದವರಲ್ಲಿ 100ಕ್ಕೆ 84 ಮಂದಿಗೆ ಈ ಕಾನೂನು ಇರುವುದೇ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಹೆಸರೇ ‘ಗುಡ್ ಸಮಾರಿಟನ್’. ಬೈಬಲ್ಲಿನ ಕಥೆಯಿಂದ ಬಂದದ್ದು. ಕಳ್ಳರು ಹೊಡೆದು ಕೆಡವಿದ ದಾರಿಹೋಕನನ್ನು ಪುರೋಹಿತನೊಬ್ಬ ನೋಡಿಯೂ ಆಚೆ ಬದಿಯಿಂದ ಹೋದ, ಇನ್ನೊಬ್ಬ ದೊಡ್ಡ ಮನುಷ್ಯನೂ ಹಾಗೇ ಹೋದ. ಎಲ್ಲರೂ ದೂರವಿಟ್ಟಿದ್ದ ಸಮಾರ್ಯದವನೊಬ್ಬ ಗಾಯ ಕಟ್ಟಿ, ಛತ್ರಕ್ಕೆ ಸೇರಿಸಿ, ಖರ್ಚಿಗೂ ಕೊಟ್ಟು ಹೋದ. ಕಥೆ ಚೆನ್ನಾಗಿದೆ. ಛತ್ರದವನು ಅವನ ವಿಳಾಸ ಕೇಳಲಿಲ್ಲ, ಮುಚ್ಚಳಿಕೆ ಬರೆಸಿಕೊಳ್ಳಲಿಲ್ಲ. ಆದರೆ ನಮ್ಮ ಹೂವಿನಾಕೆಗೆ ಈ ಕಾನೂನು ತನಗಾಗಿಯೇ ಇದೆ ಎಂದು ತಿಳಿಯಬೇಕಾದರೆ ಅದು ಅವರ ಭಾಷೆಯಲ್ಲಿ, ಅವರು ಓಡಾಡುವ ಗೋಡೆಯ ಮೇಲೆ ಇರಬೇಡವೇ?

ಸರ್ಕಾರ ಈಗ ಬಹುಮಾನದ ದಾರಿ ಹಿಡಿದಿದೆ. ಗಾಯಾಳುವನ್ನು ಮೊದಲ ಒಂದು ಗಂಟೆಯೊಳಗೆ ಆಸ್ಪತ್ರೆಗೆ ಸೇರಿಸಿ ಜೀವ ಉಳಿಸಿದವರಿಗೆ 2021ರಲ್ಲಿ 5,000 ರೂಪಾಯಿ ಎಂದರು, 2025ರಲ್ಲಿ ಅದನ್ನು 25,000ಕ್ಕೆ ಏರಿಸಿದರು. ಕೊಡಲಿ, ಬೇಡವೆನ್ನಲು ನಾನ್ಯಾರು? ಆದರೆ ದುಡ್ಡು ಸಿಗುವುದಿಲ್ಲವೆಂದು ಮೋರಿ ಹತ್ತಿರ ಕಾರು ನಿಲ್ಲಿಸದೆ ಹೋದವಳಲ್ಲ ನಾನು. ಹೆದರಿಕೆಯಿಂದ ಹೋದೆ. ಹೆದರಿಕೆಗೆ ಮದ್ದು ಬಹುಮಾನವಲ್ಲ, ಭರವಸೆ. ಅದೇ 2025ರಲ್ಲಿ ಬಂದ ಇನ್ನೊಂದು ಯೋಜನೆ ನನಗೆ ಹೆಚ್ಚು ಹಿಡಿಸಿತು. ರಸ್ತೆ ಅಪಘಾತದ ಗಾಯಾಳುವಿಗೆ ಏಳು ದಿನದವರೆಗೆ, ಒಂದೂವರೆ ಲಕ್ಷ ರೂಪಾಯಿವರೆಗೆ ನಗದಿಲ್ಲದ ಚಿಕಿತ್ಸೆ. ಇದು ಸರಿಯಾಗಿ ನಡೆದರೆ ಕೌಂಟರಿನ ಹುಡುಗನ ‘ಯಾರು ಕಟ್ತೀರಿ’ ಎಂಬ ಪ್ರಶ್ನೆಯೇ ಬಿದ್ದುಹೋಗುತ್ತದೆ. ಆದರೆ ಇದನ್ನೂ ಯಾರಾದರೂ ಕೌಂಟರಿನ ಹುಡುಗನಿಗೆ ಹೇಳಬೇಕಲ್ಲ.

ನಮ್ಮವರು ಇದನ್ನೆಲ್ಲ ಕೇಳಿ, “ನಿನ್ನ ಕಾನೂನು ಪುಸ್ತಕದಲ್ಲಿದೆ ಕಣೇ, ಠಾಣೇಲಿದ್ಯಾ?” ಎನ್ನುತ್ತಾರೆ. ನಾಲ್ಕು ವರ್ಷ ಅಲೆದವರು, ಕೇಳುವ ಹಕ್ಕು ಅವರಿಗಿದೆ. ನನ್ನ ಉತ್ತರ ಇಷ್ಟೆ: ನಾವು ಕೇಳದೆ ಠಾಣೆಗೆ ಅದು ತಾನಾಗಿ ನಡೆದುಕೊಂಡು ಬರುವುದಿಲ್ಲ. ಆಸ್ಪತ್ರೆಯಲ್ಲಿ ನಾನು ಒಂದು ಮಾತು ಹೇಳಿದ್ದಕ್ಕೇ ಅವರು ‘ಸರಿ ಹೋಗಿ’ ಎಂದರಲ್ಲ?

ಇನ್ನು ಕೆಲವರು, “ರಾತ್ರಿ ಹೊತ್ತು ಹೆಂಗಸರು ಹೇಗ್ರೀ ನಿಲ್ಲಿಸೋದು? ಅಪಘಾತದ ನಾಟಕ ಆಡಿ ದೋಚುವವರೂ ಇದ್ದಾರೆ” ಎನ್ನುತ್ತಾರೆ. ನಿಜವೇ. ದಾರಿಹೋಕರು ನಿಲ್ಲಿಸಲೇಬೇಕೆಂದು ಈ ಕಾನೂನು ಯಾರ ಮೇಲೂ ಬಲವಂತ ಮಾಡಿಲ್ಲ. ನಿಲ್ಲಿಸಿದವರನ್ನು ಕಾಪಾಡುತ್ತೇನೆ ಎಂದಿದೆ, ಅಷ್ಟೆ. ಹೆದರಿಕೆಯಾದರೆ ಕಾರಿನೊಳಗೇ ಇದ್ದು, ದೀಪ ಹಾಕಿಕೊಂಡು, 108ಕ್ಕೋ 112ಕ್ಕೋ ಜಾಗ ಸರಿಯಾಗಿ ಹೇಳಿ, ಹಿಂದೆ ಬರುವ ಗಾಡಿಗೆ ಕೈ ತೋರಿಸಿ. ಅದೂ ನೆರವೇ. ನಾನು ಅಷ್ಟನ್ನೂ ಮಾಡಲಿಲ್ಲ.

2022 ಒಂದೇ ವರ್ಷದಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ಎಷ್ಟು ಮಂದಿ ಯಾರಾದರೂ ಎತ್ತಿಕೊಂಡಿದ್ದರೆ ಬದುಕುತ್ತಿದ್ದರೋ ಲೆಕ್ಕ ಇಟ್ಟವರಾರು? ನಮ್ಮ ಮನೆಯ ಮಕ್ಕಳೂ ಅದೇ ರಸ್ತೆಯಲ್ಲಿ ದಿನಾ ಓಡಾಡುತ್ತಾರೆ. ಅವರು ಬಿದ್ದ ದಿನ ಪಕ್ಕದಲ್ಲಿ ಹಾದುಹೋಗುವ ಗಾಡಿಯಲ್ಲಿ ಇನ್ನೊಬ್ಬ ತಾಯಿಯ ಮಗ ಇರುತ್ತಾನೆ. ಆ ತಾಯಿ ಬಾಗಿಲಲ್ಲಿ ನಿಂತು ಅವನಿಗೆ ಏನು ಹೇಳಿ ಕಳಿಸಿದ್ದಾಳೆ ಎನ್ನುವುದರ ಮೇಲೆ ನಮ್ಮ ಮಗುವಿನ ಜೀವ ನಿಂತಿದೆ. ದಾರಿಯಲ್ಲಿ ಬಿದ್ದವರೆಲ್ಲ ನಮ್ಮವರಲ್ಲ ಎಂದು ಮನೆಮನೆಯಲ್ಲೂ ಪಾಠ ಹೇಳಿಕೊಟ್ಟವರು ನಾವೇ, ಹೆಂಗಸರೇ. ಪೊಲೀಸರ ಭಯವನ್ನು ಕಾನೂನು ತೆಗೆಯಬಹುದು. ಈ ಪಾಠವನ್ನು ಕಾನೂನು ತೆಗೆಯಲಾರದು.

ನನ್ನ ಮಗ ಈಗ ಹೊರಡುವಾಗ, “ಯಾರಾದ್ರೂ ಬಿದ್ದಿದ್ರೆ ನಿಲ್ಲಿಸು, ಹೆದರಬೇಡ, ನನಗೆ ಫೋನ್ ಮಾಡು, ನಾನೂ ಬರ್ತೀನಿ” ಎನ್ನುತ್ತೇನೆ. ಮೊದಲ ಸಲ ಹೇಳಿದಾಗ ಅವನು ಹೆಲ್ಮೆಟ್ ತೆಗೆದು ಮತ್ತೆ ಕೇಳಿದ.

ಆ ಆಸ್ಪತ್ರೆಗೆ ನಮ್ಮ ಮಹಿಳಾ ಸಮಾಜದಿಂದ ಎರಡು ಸಲ ಕಾಗದ ಬರೆದೆವು. ಬೋರ್ಡು ಇನ್ನೂ ಬಂದಿಲ್ಲ, ಮೂರನೆಯ ಕಾಗದ ಬರೆಯುತ್ತಿದ್ದೇವೆ. ನೀವೂ ನಾಳೆ ಮೊಮ್ಮಗುವಿನ ಕೆಮ್ಮಿಗೋ ನಿಮ್ಮ ಬಿ.ಪಿ.ಗೋ ಆಸ್ಪತ್ರೆಗೆ ಹೋದಾಗ ಬಾಗಿಲ ಪಕ್ಕದ ಗೋಡೆಯನ್ನೊಮ್ಮೆ ನೋಡಿ. ಬೋರ್ಡಿಲ್ಲದಿದ್ದರೆ ಕೌಂಟರಿನಲ್ಲಿ, ಎಲ್ಲರಿಗೂ ಕೇಳಿಸುವ ಹಾಗೆ, ಯಾಕಿಲ್ಲ ಎಂದು ಕೇಳಿ.